ಕಾರವಾರ, ಗೋಕರ್ಣದ ಫೋಟೊಗಳೆಲ್ಲ ಯಾಕೆ ಒಂದೇ ಥರ ಬರುತ್ತವೆ?

ನಿಮ್ಮ ಪ್ರಶ್ನೆ ಓದಿದೆ. ಡಿಸೆಂಬರ್ ರಜೆಗೆ ವಿಜಯಪುರದಿಂದ ಮನೆಮಂದಿ ಜತೆ ಮೂರು ದಿನ ಕಾರವಾರ, ಗೋಕರ್ಣಕ್ಕೆ ಹೊರಟಿದ್ದೀರಿ. ಕೈಯಲ್ಲಿ ಫೋನಿದೆ, 18-55 ಲೆನ್ಸಿನ ಹಳೇ ಡಿಎಸ್ಎಲ್ಆರ್ ಇದೆ. ಹೋದ ಸಲ ತೆಗೆದದ್ದೆಲ್ಲ ಒಂದೇ ಥರ ಬಂತು, ಮೇಲೆ ಆಕಾಶ, ನಡುವೆ ನೀರು, ಕೆಳಗೆ ಮರಳು, ಸಂಜೆಯಾದರೆ ಅದೇ ಕೇಸರಿ ಬಣ್ಣ. ಏನು ಬದಲಾಯಿಸಬೇಕು, ಹೊಸ ಲೆನ್ಸ್ ಕೊಳ್ಳಬೇಕಾ ಅಂತ ಕೇಳಿದ್ದೀರಿ.

ಲೆನ್ಸ್ ಬೇಡ. ಮೊದಲೇ ಹೇಳಿಬಿಡುತ್ತೇನೆ, ದುಡ್ಡು ಉಳಿಯಲಿ.

ನಾನು ಬೆಳಗಾವಿಯವನು. ನಮ್ಮ ಕಡೆ ಎರಡು ದಿನ ರಜೆ ಸಿಕ್ಕರೆ ಸಾಕು, ಚೋರ್ಲಾ ಘಾಟ್ ಇಳಿದು ಗೋವಾಕ್ಕೋ, ಆಂಬೋಲಿ ಇಳಿದು ವೆಂಗುರ್ಲಾ ಕಡೆಗೋ ಗಾಡಿ ಹೊರಟೇಬಿಡುತ್ತವೆ. ಕಾರವಾರಕ್ಕೂ ಬಹಳ ಸಲ ಹೋಗಿದ್ದೇನೆ. ಜತೆಗೆ ಬಂದವರ ಫೋಟೊ ನೋಡಿ ನೋಡಿ ನನಗೆ ಗಟ್ಟಿಯಾದ ಮಾತು ಒಂದೇ. ನಾವು ಬಯಲುಸೀಮೆ ಮಂದಿ ಸಮುದ್ರದ ಅಗಲ ನೋಡಿಯೇ ಮರುಳಾಗುತ್ತೇವೆ, ಆ ಅಗಲವನ್ನೆಲ್ಲ ಒಂದೇ ಫೋಟೊಕ್ಕೆ ತುಂಬೋಕೆ ಹೋಗುತ್ತೇವೆ. ಫೋನನ್ನು 0.5ಕ್ಕೆ ಹಾಕುತ್ತೇವೆ, ಕ್ಯಾಮೆರಾ ಇದ್ದರೆ ಲೆನ್ಸನ್ನು 18ಕ್ಕೆ ತಿರುಗಿಸುತ್ತೇವೆ, ಎರಡೂ ಎಲ್ಲಕ್ಕಿಂತ ಅಗಲ ಕಾಣುವ ಜಾಗ. ಆಗ ಆಗೋದೇನು ಅಂದ್ರೆ, ಕಣ್ಣಿಗೆ ಅಷ್ಟು ದೊಡ್ಡದಾಗಿ ಕಂಡ ಸಮುದ್ರ ಫೋಟೊದಲ್ಲಿ ಬೆರಳಗಲದ ಪಟ್ಟಿ ಆಗುತ್ತದೆ. ಆಳೆತ್ತರದ ಅಲೆ ಬಿಳಿ ಗೆರೆ ಆಗುತ್ತದೆ. ಅಗಲದ ಲೆನ್ಸ್ ದೂರದ್ದನ್ನು ಇನ್ನೂ ದೂರ ತಳ್ಳುತ್ತದೆ, ಹತ್ತಿರದ್ದನ್ನು ಮಾತ್ರ ದೊಡ್ಡದು ಮಾಡುತ್ತದೆ. ಹತ್ತಿರ ಏನೂ ಇಲ್ಲದಿದ್ದರೆ ಫೋಟೊ ಖಾಲಿ.

ಹಾಗಾಗಿ ಎರಡೇ ದಾರಿ. ಒಂದೋ ಫೋನಿನಲ್ಲಿ 2 ಅಥವಾ 3ಕ್ಕೆ ಹೋಗಿ, ಕ್ಯಾಮೆರಾದಲ್ಲಿ ದೂರದ್ದನ್ನು ಹತ್ತಿರ ತರುವ 55ಕ್ಕೆ ತಿರುಗಿಸಿ, ಒಂದು ಅಲೆ, ಒಂದು ದೋಣಿ, ಒಂದು ಬಂಡೆ ಅಂತ ಆರಿಸಿಕೊಳ್ಳಿ. ಇಲ್ಲಾಂದ್ರೆ ಅಗಲದಲ್ಲೇ ಇಟ್ಟು, ಮೊಣಕಾಲೂರಿ ಕೂತು, ಕಾಲ ಬುಡದಲ್ಲಿರುವ ಯಾವುದಾದರೂ ವಸ್ತುವಿಗೆ ಮೊಳದಷ್ಟು ಹತ್ತಿರ ಹೋಗಿ. ನಿಂತ ಎತ್ತರದಿಂದ, ನಡು ಅಗಲದಲ್ಲಿ, ದಡದ ಮಧ್ಯದಿಂದ ತೆಗೆದ ಫೋಟೊ ಎಲ್ಲರ ಹತ್ತಿರವೂ ಇದೆ.

ಈಗ ಸಮಯದ ಮಾತು. ಎಲ್ಲರೂ ಸೂರ್ಯನ ಸಮಯ ನೋಡಿ ಹೋಗುತ್ತಾರೆ. ನೀವು ನೀರಿನ ಸಮಯ ನೋಡಿ ಹೋಗಿ. ಕಾರವಾರದ ಹೆಸರು ಹಾಕಿ ಟೈಡ್ ಟೈಮ್ ಅಂತ ಹುಡುಕಿದರೆ ಆ ದಿನದ ಉಬ್ಬರ ಎಷ್ಟೊತ್ತಿಗೆ, ಇಳಿತ ಎಷ್ಟೊತ್ತಿಗೆ ಅಂತ ಸಿಗುತ್ತದೆ. ದಿನಕ್ಕೆ ಸಾಮಾನ್ಯವಾಗಿ ಎರಡು ಸಲ ನೀರು ಏರುತ್ತದೆ, ಎರಡು ಸಲ ಇಳಿಯುತ್ತದೆ. ದಿನದಿಂದ ದಿನಕ್ಕೆ ಆ ಹೊತ್ತು ಸುಮಾರು 50 ನಿಮಿಷ ಮುಂದಕ್ಕೆ ಜರುಗುತ್ತದೆ, ಚಂದ್ರ ದಿನಾ ತಡ ಮಾಡಿ ಹುಟ್ಟುತ್ತಾನಲ್ಲ, ಅದೇ ಲೆಕ್ಕ. ಹುಣ್ಣಿಮೆ, ಅಮಾವಾಸ್ಯೆ ಆಸುಪಾಸಿನಲ್ಲಿ ನೀರು ಜಾಸ್ತಿ ಏರಿ ಜಾಸ್ತಿ ಇಳಿಯುತ್ತದೆ, ಅದೂ ನಮ್ಮ ಈ ಕರಾವಳಿಯಲ್ಲಿ ಆ ದಿನಗಳ ಇಳಿತ ಸಂಜೆ ಕಡೆಗೇ ಬೀಳುತ್ತದೆ. ನಿಮ್ಮ ರಜೆ ಅಂಥ ದಿನಗಳಿಗೆ ಹೊಂದಿದರೆ ಬಿಡಲೇಬೇಡಿ. ಸಂಜೆಯ ಓರೆ ಬೆಳಕು, ಒದ್ದೆ ಮರಳು, ಎರಡೂ ಒಟ್ಟಿಗೇ ಸಿಗುತ್ತವೆ.

ಒದ್ದೆ ಮರಳು ಅಂದರೆ ಕನ್ನಡಿ. ಅಲೆ ಹಿಂದಕ್ಕೆ ಸರಿದ ಮೇಲೆ ತೆಳ್ಳಗೆ ನೀರು ಉಳಿದಿರುತ್ತದಲ್ಲ, ಅದರಲ್ಲಿ ಆಕಾಶದ ಬಣ್ಣವೆಲ್ಲ ಕೆಳಗಿಳಿದಿರುತ್ತದೆ. ಐದಾರು ಸೆಕೆಂಡಿನಲ್ಲಿ ಮರಳು ಆ ನೀರನ್ನು ಕುಡಿದುಬಿಡುತ್ತದೆ, ಹೊಳಪು ಹೋಗುತ್ತದೆ. ಆಮೇಲೆ ಮತ್ತೊಂದು ಅಲೆ. ಅಲ್ಲಿ ಒಂದು ಚಿಪ್ಪು ಸಿಕ್ಕಿಕೊಂಡಿದ್ದರೆ ಅದರ ಸುತ್ತ ನೀರು ಸೀಳಿಕೊಂಡು ಹೋಗುತ್ತದೆ, ಚಿಪ್ಪಿನ ಹಿಂದೆ ಮರಳಿನ ಮೇಲೆ ಉದ್ದಕ್ಕೆ ಬಾಲದಂಥ ಗೆರೆ ಮೂಡುತ್ತದೆ. ಇದನ್ನು ಹಿಡಿಯೋಕೆ ಶಟರ್, ಅಂದರೆ ಕ್ಯಾಮೆರಾ ಬೆಳಕಿಗೆ ತೆರೆದಿರುವ ಹೊತ್ತು, ಕಾಲು ಸೆಕೆಂಡಿನಿಂದ ಅರ್ಧ ಸೆಕೆಂಡ್ ಇರಲಿ, ಅಲೆ ಬರುವಾಗಲ್ಲ, ಹಿಂದಕ್ಕೆ ಹೋಗುವಾಗ ಒತ್ತಿ. ಅಷ್ಟರಲ್ಲಿ ನೊರೆ ಎಳೆ ಎಳೆಯಾಗಿ ಬರುತ್ತದೆ. ಹತ್ತು ಇಪ್ಪತ್ತು ಸೆಕೆಂಡ್ ಬಿಟ್ಟರೆ ಸಮುದ್ರ ಮಂಜಿನ ಥರ ಆಗುತ್ತದೆ, ಕೆಲವರಿಗೆ ಅದೇ ಇಷ್ಟ, ನನಗೆ ಅಲೆಯ ಜೀವ ಹೋದಂಗೆ ಅನ್ನಿಸುತ್ತದೆ.

ಇದಕ್ಕೆ ಎನ್‌ಡಿ ಫಿಲ್ಟರ್, ಅಂದರೆ ಲೆನ್ಸಿನ ಮುಂದೆ ಹಾಕಿ ಬೆಳಕು ತಗ್ಗಿಸುವ ಕಪ್ಪು ಗಾಜು, ಬೇಕಾ ಅಂತ ಕೇಳಬಹುದು. ಬೇಕಿಲ್ಲ. ಸೂರ್ಯ ಮುಳುಗಿ ಹತ್ತು ನಿಮಿಷ ಆದ ಮೇಲೆ ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 100, ಅಪರ್ಚರ್ (ಲೆನ್ಸಿನ ಕಿಂಡಿ) 11ಕ್ಕೆ ಇಟ್ಟರೆ ಶಟರ್ ತಾನಾಗಿ ಕಾಲು, ಅರ್ಧ ಸೆಕೆಂಡಿಗೆ ಬಂದು ನಿಲ್ಲುತ್ತದೆ. ಒಂದು ಸಾದಾ ಟ್ರೈಪಾಡ್ ಇದ್ದರೆ ಸಾಕು, ಕಾಲುಗಳನ್ನು ಮರಳಿಗೆ ಒತ್ತಿ ಕೂರಿಸಿ. ಅಲೆ ಬಂದು ಬುಡದ ಮರಳು ಕೊರೆಯುತ್ತದೆ, ಅದಕ್ಕೇ ಪ್ರತಿ ಫೋಟೊಗೆ ಮುಂಚೆ ದಿಗಂತ ನೆಟ್ಟಗಿದೆಯಾ ನೋಡಿ. ಸಮುದ್ರದ ಫೋಟೊದಲ್ಲಿ ಆ ಗೆರೆ ಚೂರು ಓರೆಯಾದರೂ ನೀರೆಲ್ಲ ಒಂದು ಕಡೆ ಚೆಲ್ಲಿದ ಹಾಗೆ ಕಾಣುತ್ತದೆ. ಫೋನಿನಲ್ಲಿ ಗ್ರಿಡ್ ಆನ್ ಮಾಡಿಟ್ಟುಕೊಳ್ಳಿ.

ಸೂರ್ಯ ಮುಳುಗಿದ ಕೂಡಲೇ ಚಪ್ಪಲಿ ಹಾಕಿಕೊಂಡು ಹೊರಡುವವರನ್ನು ನೋಡಿದರೆ ನನಗೆ ನಿಜಕ್ಕೂ ಸಂಕಟ ಆಗುತ್ತದೆ. ಬೆಳಕಿನ ಛಲೋ ಭಾಗ ಶುರುವಾಗೋದೇ ಆಮೇಲೆ. ಡಿಸೆಂಬರಿನಲ್ಲಿ ಕಾರವಾರದಲ್ಲಿ ಸೂರ್ಯ 6 ಗಂಟೆ ದಾಟಿದ ಸ್ವಲ್ಪ ಹೊತ್ತಿಗೆ ಮುಳುಗುತ್ತಾನೆ, ನಂತರ ಇಪ್ಪತ್ತು ಇಪ್ಪತ್ತೈದು ನಿಮಿಷ ಬೆಳಕಿರುತ್ತದೆ. ಇನ್ನೊಂದು ಮಾತು, ಡಿಸೆಂಬರಿನಲ್ಲಿ ಆಕಾಶ ಬಹಳ ಸಲ ಮೋಡವಿಲ್ಲದೆ ಸ್ವಚ್ಛ ಇರುತ್ತದೆ. ಮೋಡ ಇಲ್ಲದಿದ್ದರೆ ಬಣ್ಣ ಹಿಡಿದು ನಿಲ್ಲಿಸೋಕೆ ಮೇಲೆ ಏನೂ ಇರೋದಿಲ್ಲ. ಅಂಥ ಸಂಜೆ ಆಕಾಶಕ್ಕೆ ಫೋಟೊದಲ್ಲಿ ಕಾಲು ಭಾಗ ಕೊಡಿ, ಉಳಿದ ಮುಕ್ಕಾಲು ನೀರಿಗೆ, ಮರಳಿಗೆ.

ಬೆಳಿಗ್ಗೆ ಬೇಗ ಏಳೋಕೆ ಮನೆಯವರು ಒಪ್ಪುತ್ತಾರೋ ಇಲ್ಲವೋ, ನೀವೊಬ್ಬರಾದರೂ ಎದ್ದು ಹೋಗಿ. ಪಶ್ಚಿಮ ಕರಾವಳಿಯಲ್ಲಿ ಸೂರ್ಯ ಹುಟ್ಟೋದು ಬೆನ್ನ ಹಿಂದಿನ ಗುಡ್ಡಗಳ ಕಡೆಯಿಂದ, ಅದಕ್ಕೇ ಬೆಳಿಗ್ಗೆ ಯಾರೂ ಬರೋದಿಲ್ಲ. ಆದರೆ ರಾತ್ರಿ ಪೂರ್ತಿ ಗಾಳಿ ನೆಲದಿಂದ ಸಮುದ್ರದ ಕಡೆ ಬೀಸಿರುತ್ತದೆ, ನೀರು ಶಾಂತ ಇರುತ್ತದೆ. ಬಿಸಿಲು ಗುಡ್ಡ ದಾಟಿ ಬಂದಾಗ ನೇರ ಅಲೆಯ ಮುಖಕ್ಕೇ ಬೀಳುತ್ತದೆ. ಸಮುದ್ರದ ಹಸಿರು, ನೀಲಿ ಬಣ್ಣ ಬೇಕಾದರೆ ಅದೇ ಹೊತ್ತು, ಸಂಜೆ ಅದು ಸಿಗೋದಿಲ್ಲ. ಮಧ್ಯಾಹ್ನದ ಮೇಲೆ ಗಾಳಿ ತಿರುಗಿ ಸಮುದ್ರದಿಂದ ಬೀಸುತ್ತದೆ, ಲೆನ್ಸಿನ ಮೇಲೆಲ್ಲ ಉಪ್ಪಿನ ಪದರ ಕೂರುತ್ತದೆ.

ಬೆಳಿಗ್ಗೆ ಹೋದರೆ, ಅದೃಷ್ಟ ಇದ್ದರೆ, ರಂಪಣಿ ಬಲೆ ಎಳೆಯೋದು ಸಿಗಬಹುದು. ದಡದ ಮೇಲೆ ಎರಡು ಸಾಲು ಮಂದಿ ನಿಂತು ಹಗ್ಗ ಎಳೆದು ದೊಡ್ಡ ಬಲೆಯನ್ನು ದಡಕ್ಕೆ ತರುತ್ತಾರೆ. ಹತ್ತಿರ ಹೋಗಿ, ನಮಸ್ಕಾರ ಹೇಳಿ, ಫೋಟೊ ತೆಗೀಲಾ ಅಂತ ಕೇಳಿ. ಕಾರವಾರದ ಕಡೆ ಕೊಂಕಣಿ ಮಾತಾಡುತ್ತಾರೆ, ಕನ್ನಡವೂ ನಡೆಯುತ್ತದೆ. ಬೇಡ ಅಂದರೆ ಬೇಡ. ಅವರದು ಹೊಟ್ಟೆಪಾಡು, ನಮ್ಮದು ರಜೆ, ಅವರ ಹಗ್ಗದ ದಾರಿಗೆ ಅಡ್ಡ ನಿಲ್ಲಬಾರದು. ಹೂಂ ಅಂದರೆ ಮುಖಕ್ಕಿಂತ ಕೈ, ಹಗ್ಗ, ಮರಳಿಗೆ ಊರಿದ ಹಿಮ್ಮಡಿ ನೋಡಿ.

ಇನ್ನು ಏಡಿ. ಇದನ್ನು ಬರೆಯದೆ ಇರೋಕಾಗಲ್ಲ. ಇಳಿತದ ಹೊತ್ತಿಗೆ ಒದ್ದೆ ಮರಳಿನಲ್ಲಿ ಸಣ್ಣ ಸಣ್ಣ ತೂತು ಕಾಣುತ್ತವೆ, ಅವುಗಳ ಸುತ್ತ ಸಾವಿರಾರು ಮರಳಿನ ಉಂಡೆ. ಮಕ್ಕಳು ತುಳಿದುಕೊಂಡು ಓಡುತ್ತಾರೆ, ದೊಡ್ಡವರು ನೋಡೋದೇ ಇಲ್ಲ. ಬೆರಳಿನ ಉಗುರಿನಷ್ಟಿರುವ ಏಡಿಗಳ ಕೆಲಸ ಅದು. ಮರಳನ್ನು ಬಾಯಿಗೆ ತುಂಬಿಕೊಂಡು, ಅದರಲ್ಲಿರುವ ಆಹಾರ ಸೋಸಿ ತಿಂದು, ಉಳಿದದ್ದನ್ನು ಉಂಡೆ ಕಟ್ಟಿ ಬಿಸಾಕುತ್ತವೆ. ಬಿಲದ ಬಾಯಿಂದ ನಾಲ್ಕೂ ಕಡೆ ಸಾಲು ಹೊರಡುತ್ತದೆ. ಬೆಳಕು ಓರೆಯಾಗಿ ಬೀಳುವಾಗ ಒಂದೊಂದು ಉಂಡೆಗೂ ಅದರದೇ ನೆರಳು. ಫೋನನ್ನು ತಲೆಕೆಳಗು ಮಾಡಿ ಹಿಡಿಯಿರಿ, ಆಗ ಲೆನ್ಸ್ ನೆಲಕ್ಕೆ ಹತ್ತಿರ ಬರುತ್ತದೆ. ಅಲುಗಾಡದೆ ಕೂತುಕೊಳ್ಳಿ. ನಿಮ್ಮ ನೆರಳು ಬಿಲದ ಮೇಲೆ ಬೀಳಬಾರದು. ಸ್ವಲ್ಪ ಹೊತ್ತಿಗೆ ಮೊದಲು ಒಂದು ಕಣ್ಣು, ಆಮೇಲೆ ಕಾಲು, ಆಮೇಲೆ ಪೂರ್ತಿ ಏಡಿ ಹೊರಗೆ ಬರುತ್ತದೆ. ಉಬ್ಬರ ಬಂದರೆ ಅಷ್ಟೂ ಅಳಿಸಿ ಹೋಗುತ್ತದೆ, ಮುಂದಿನ ಇಳಿತಕ್ಕೆ ಮತ್ತೆ ಶುರು.

ಜಾಗಗಳ ಬಗ್ಗೆ ಉದ್ದ ಪಟ್ಟಿ ಕೊಡೋದಿಲ್ಲ, ಮೂರು ದಿನದಲ್ಲಿ ಎಲ್ಲ ಸುತ್ತಿದರೆ ಒಂದೂ ದಕ್ಕೋದಿಲ್ಲ. ಕಾರವಾರದಲ್ಲಿ ಕಾಳಿ ನದಿ ಸಮುದ್ರ ಸೇರುವ ಕಡೆ ಒಂದು ಸಂಜೆ ಕಳೆಯಿರಿ. ಸದಾಶಿವಗಡದ ಗುಡ್ಡದ ಮೇಲಿಂದ ಅಳಿವೆ ಪೂರ್ತಿ ಕಾಣುತ್ತದೆ. ಮಾಜಾಳಿ ಹತ್ತಿರದ ತಿಳಮಾತಿ ಬೀಚಿಗೆ ಗುಡ್ಡದ ಮೇಲಿಂದ ನಡೆದು ಹೋಗಬೇಕು, ಅಲ್ಲಿ ಎಳ್ಳಿನಂಥ ಕಪ್ಪು ಮರಳು. ಅಲ್ಲೊಂದು ವಿಷಯ ನೆನಪಿಡಿ. ಕ್ಯಾಮೆರಾಕ್ಕೆ ಯಾವುದನ್ನು ತೋರಿಸಿದರೂ ನಡುಬೆಳಕಿನ ಬೂದು ಮಾಡೋಕೆ ನೋಡುತ್ತದೆ. ಕಪ್ಪು ಮರಳನ್ನು ಬಿಳಿಚಿಸುತ್ತದೆ, ಬಿಳಿ ಮರಳನ್ನು ಮಂಕು ಮಾಡುತ್ತದೆ. ಹಾಗಾಗಿ ಕಪ್ಪು ಮರಳಿಗೆ ಎಕ್ಸ್‌ಪೋಶರ್ (ಫೋಟೊ ಎಷ್ಟು ಬೆಳಕಾಗಿ ಬರಬೇಕು ಅನ್ನೋ ಅಳತೆ) ಸ್ವಲ್ಪ ಕಡಿಮೆ ಮಾಡಿ, ಹಗಲಿನ ಬಿಳಿ ಮರಳಿಗೆ ಸ್ವಲ್ಪ ಏರಿಸಿ. ಫೋನಿನಲ್ಲಾದರೆ ಪರದೆ ಒತ್ತಿ ಹಿಡಿದು, ಸೂರ್ಯನ ಗುರುತನ್ನು ಕೆಳಗೆ ಮೇಲೆ ಎಳೆದರೆ ಆಯ್ತು. ಸಂಜೆ ಸೂರ್ಯನಿಗೆ ಎದುರಾಗಿ ತೆಗೆಯುವಾಗಲೂ ಕೆಳಗೆಳೆಯಿರಿ, ಬಣ್ಣ ಉಳಿಯುತ್ತದೆ.

ಕಾರವಾರದಿಂದ ಅಂಕೋಲಾ ಕಡೆ ಹೋಗುವಾಗ ಅರ್ಗಾದಲ್ಲಿ ನೌಕಾನೆಲೆ ಇದೆ, ಅಲ್ಲಿ ಕ್ಯಾಮೆರಾ ಹೊರಗೆ ತೆಗೆಯಲೇಬೇಡಿ. ಆ ಭಾಗದಲ್ಲಿ ಡ್ರೋನ್ ಮಾತಂತೂ ಬೇಡವೇ ಬೇಡ. ಯುದ್ಧನೌಕೆಯೇ ಬೇಕು ಅಂದರೆ ಟಾಗೋರ್ ಬೀಚಿನ ಹತ್ತಿರ ಐಎನ್ಎಸ್ ಚಾಪಲ್ ಹಡಗನ್ನು ಮ್ಯೂಸಿಯಂ ಮಾಡಿ ನಿಲ್ಲಿಸಿದ್ದಾರೆ.

ಗೋಕರ್ಣದಲ್ಲಿ ಓಂ ಬೀಚಿನ ಆಕಾರ ಸಿಗೋದು ಮೇಲಿನ ಗುಡ್ಡದಿಂದ, ಮರಳಿಗೆ ಇಳಿದ ಮೇಲೆ ಅಲ್ಲ. ಮೊದಲು ಮೇಲೆ ನಿಂತು ತೆಗೆದು ಆಮೇಲೆ ಇಳಿಯಿರಿ. ಆದರೆ ಗೋಕರ್ಣದ ಹತ್ತಿರ ನನಗೆ ಎಲ್ಲಕ್ಕಿಂತ ಇಷ್ಟ ಅಘನಾಶಿನಿ ಅಳಿವೆ. ಇಳಿತದಲ್ಲಿ ನೀರು ಸರಿದ ಕೆಸರಿನಲ್ಲಿ ಮಂದಿ ಬಾಗಿ ಚಿಪ್ಪೆಕಲ್ಲು (ತಿನ್ನುವ ಚಿಪ್ಪುಜೀವಿ) ಆರಿಸುತ್ತಿರುತ್ತಾರೆ, ಪಕ್ಕದಲ್ಲೇ ಬೆಳ್ಳಕ್ಕಿಗಳು. 2024ರಲ್ಲಿ ಈ ಅಳಿವೆ ಮಹತ್ವದ ಜೌಗು ಪ್ರದೇಶಗಳ ಅಂತರರಾಷ್ಟ್ರೀಯ ರಾಮ್ಸರ್ ಪಟ್ಟಿ ಸೇರಿತು. ಸಮಯ ಮಿಕ್ಕರೆ ಹೊನ್ನಾವರದ ಕಾಸರಕೋಡಿನಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವೆ ಮರದ ಹಲಗೆಯ ದಾರಿ ಮಾಡಿದ್ದಾರೆ, ಮಕ್ಕಳಿಗೂ ಹಿಡಿಸುತ್ತದೆ. ಚಳಿಗಾಲದ ರಾತ್ರಿ ದಡದಲ್ಲಿ ಮೊಟ್ಟೆ ಇಡೋಕೆ ಬಂದ ಕಡಲಾಮೆ ಕಂಡರೆ ಫ್ಲ್ಯಾಶ್, ಟಾರ್ಚ್ ಎರಡೂ ಆರಿಸಿ ದೂರ ನಿಲ್ಲಿ. ಆ ಫೋಟೊ ಇಲ್ಲದಿದ್ದರೂ ನಡೆಯುತ್ತದೆ, ಬೆಳಕಿಗೆ ಬೆದರಿ ಅದು ಮೊಟ್ಟೆ ಇಡದೆ ನೀರಿಗೆ ಮರಳಬಹುದು.

ಬಂಡೆಗಳ ಮೇಲೆ ಮಾತ್ರ ಹುಷಾರು. ಒದ್ದೆಯಾಗಿ ಹಸಿರು, ಕಪ್ಪು ಪಾಚಿ ಕಂಡಲ್ಲಿ ಕಾಲಿಡಬೇಡಿ. ಹತ್ತಿಪ್ಪತ್ತು ಅಲೆ ಸಣ್ಣದಾಗಿ ಬಂದು ಒಂದು ದೊಡ್ಡದು ಬರುತ್ತದೆ, ಅದಕ್ಕೇ ಮೊದಲು ಹತ್ತು ನಿಮಿಷ ದೂರ ನಿಂತು ನೀರು ಎಲ್ಲಿವರೆಗೆ ಏರುತ್ತದೆ ನೋಡಿ. ಸಮುದ್ರಕ್ಕೆ ಬೆನ್ನು ಹಾಕಿ ಸೆಲ್ಫಿ ಬೇಡ, ಮನೆಯವರಿಗೂ ಹೇಳಿಡಿ.

ಮಕ್ಕಳ ಫೋಟೊ ಬೇಕೇಬೇಕಲ್ವಾ? ಸಾಲಾಗಿ ನಿಲ್ಲಿಸಬೇಡಿ. ಆಡೋಕೆ ಬಿಟ್ಟು, ನೀವು 55ರಲ್ಲಿ ದೂರ ಕೂತು, ಶಟರ್ 1/1000 ಇಟ್ಟು, ಸಂಜೆ ಬಿಸಿಲು ಅವರ ಹಿಂದಿನಿಂದ ಬರೋ ಹಾಗೆ ನೋಡಿಕೊಳ್ಳಿ. ಸಿಡಿದ ನೀರಿನ ಹನಿ ಹನಿಯೂ ಹೊಳೆಯುತ್ತದೆ.

ಹೊರಡುವ ಮುಂಚೆ ಅಭ್ಯಾಸ ಬೇಕಾದರೆ ಕಾರವಾರದವರೆಗೆ ಕಾಯಬೇಕಿಲ್ಲ. ನಿಮ್ಮೂರಿಂದ ಹುಬ್ಬಳ್ಳಿ ಮೇಲೆ ಅಂಕೋಲಾಕ್ಕೆ ಹೋಗುವ ಹೆದ್ದಾರಿ 52ರಲ್ಲೇ ಕೊಲ್ಹಾರ ಸಿಗುತ್ತದೆ, ಅಲ್ಲಿ ಕೃಷ್ಣೆಯ ಹಿನ್ನೀರು ಕಣ್ಣು ಹೋದಷ್ಟು ದೂರ ಹರಡಿಕೊಂಡಿದೆ. ಒಂದು ಭಾನುವಾರ ಸಂಜೆ ಅಲ್ಲಿ ಕೂತು, ಹತ್ತಿರದ ವಸ್ತು ಇಟ್ಟು ಅಗಲದಲ್ಲಿ ಒಂದು, 55ರಲ್ಲಿ ಒಂದು ತೆಗೆದು ಮನೆಗೆ ಬಂದು ಹೋಲಿಸಿ ನೋಡಿ. ಅಲೆ ಇರೋದಿಲ್ಲ ಅಷ್ಟೇ, ಉಳಿದದ್ದೆಲ್ಲ ಕಲಿಯಬಹುದು.

ಕೊನೆಗೆ ಕ್ಯಾಮೆರಾದ ಆರೈಕೆ. ಎಸಿ ರೂಮಿನಿಂದ ಹೊರಗೆ ಬಂದ ಕೂಡಲೇ ಲೆನ್ಸಿನ ಮೇಲೆ ಹಬೆ ಕಟ್ಟುತ್ತದೆ, ಬ್ಯಾಗಿನಲ್ಲೇ ಅರ್ಧ ಗಂಟೆ ಬಿಟ್ಟು ಆಮೇಲೆ ತೆಗೆಯಿರಿ. ದಡದ ಮೇಲೆ ಲೆನ್ಸ್ ಬಿಚ್ಚಬೇಡಿ. ಮರಳು ಕೂತಿದ್ದರೆ ಮೊದಲು ಬ್ಲೋವರ್‌ನಿಂದ ಊದಿ, ಆಮೇಲೆ ಬಟ್ಟೆ, ಸುಮ್ನೆ ಒರೆಸಿದರೆ ಗೀರು ಬೀಳುತ್ತದೆ. ದಿನಾ ರಾತ್ರಿ ಬಟ್ಟೆಯನ್ನು ಸಿಹಿನೀರಿನಲ್ಲಿ ಅದ್ದಿ, ಗಟ್ಟಿಯಾಗಿ ಹಿಂಡಿ, ಅದರಿಂದ ಕ್ಯಾಮೆರಾದ ಮೈ ಒರೆಸಿ. ಬ್ಯಾಗಿನಲ್ಲಿ ಒಂದೆರಡು ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಕರಾವಳಿಯ ತೇವಕ್ಕೆ ಲೆನ್ಸಿನಲ್ಲಿ ಫಂಗಸ್ ಬರುತ್ತದೆ. ಟ್ರೈಪಾಡಿನ ಕಾಲುಗಳನ್ನು ಪೂರ್ತಿ ಬಿಚ್ಚಿ ಸಿಹಿನೀರಿನಲ್ಲಿ ತೊಳೆದು ಒಣಗಿಸಿ, ಇಲ್ಲಾಂದ್ರೆ ಒಳಗೆ ಉಪ್ಪು ಕೂತು ಸ್ವಲ್ಪ ದಿನದಲ್ಲೇ ಬಿಗಿದುಕೊಂಡುಬಿಡುತ್ತವೆ.