ವಹಿ ಯಾರ ಬ್ಯಾಗಿನಲ್ಲಿದೆ?

ಬಾಗಲಕೋಟೆಯ ಒಬ್ಬ ತಂಗಿ ನಾಲ್ಕು ಪುಟ ಬರೆದಿದ್ದಾಳೆ. ಗುರುತು ಸಿಗಬಾರದೆಂದು ಒಂದೆರಡು ವಿವರ ಬದಲಿಸಿದ್ದೇನೆ. ಸಾರಾಂಶ ಇಷ್ಟು: ವಯಸ್ಸು 31, ಬ್ಯಾಂಕಿನಲ್ಲಿ ನೌಕರಿ. ಅಪ್ಪ ತೀರಿಕೊಂಡ ಮೇಲೆ ನಡುರಾತ್ರಿ ಎಚ್ಚರವಾಗಿ ಎದೆ ಡವಡವ ಹೊಡೆದುಕೊಳ್ಳುತ್ತದೆ. ಇಸಿಜಿ, ಥೈರಾಯ್ಡ್ ಎಲ್ಲ ಸರಿಯಾಗಿವೆ. ಡಾಕ್ಟರು ಹೇಳಿದರೆಂದು ವಿಜಯಪುರದ ಒಬ್ಬ ಕ್ಲಿನಿಕಲ್ ಸೈಕಾಲಜಿಸ್ಟ್ ಹತ್ತಿರ ಹೋಗುತ್ತಿದ್ದಾಳೆ. ದೂರು ಅವರ ಮೇಲೇ. ಮೊದಲು ತಲೆಗೆ ಬಂದ ವಿಚಾರಗಳನ್ನೆಲ್ಲ ವಹಿಯಲ್ಲಿ ಬರಿ ಅಂದರಂತೆ, ಆಮೇಲೆ ಬಿಡು ಅಂದರಂತೆ. ಉಸಿರಾಟ ಕಲಿಸಿದರು. ಒಂದು ದಿನ ಬಹಳ ಹೊತ್ತು ಸುಮ್ಮನೆ ಕೂತುಬಿಟ್ಟರು. ಈಗ ಹೋದಾಗೊಮ್ಮೆ "ಇವತ್ತ ಯಾವುದರಿಂದ ಸುರು ಮಾಡೂಣು?" ಅಂತ ಇವಳನ್ನೇ ಕೇಳುತ್ತಾರೆ. "ಅಕ್ಕಾರ, ರೊಕ್ಕಾ ಕೊಟ್ಟು ಹೋಗಾಕಿ ನಾನು. ಏನ್ ಮಾಡಬೇಕಂತ ಅವರಿಗೇ ಗೊತ್ತಿಲ್ಲೇನು? ಬ್ಯಾರೆಯವರನ್ನ ಹುಡುಕ್ಲೇನು?"

ತಂಗಿ, ದೂರಿಗೆ ಆಮೇಲೆ ಬರುತ್ತೇನೆ. ಮೂರನೇ ಪುಟದ ತಳದಲ್ಲಿ, ಕಂಸದೊಳಗೆ, ಸಣ್ಣ ಅಕ್ಷರದಲ್ಲಿ ನೀನು ಬರೆದ ಸಾಲಿನ ಮೇಲೇ ನನ್ನ ಕಣ್ಣು ನೆಟ್ಟಿದೆ: "ವಹಿ ಅಣ್ಣನ ಬ್ಯಾಗಿನ್ಯಾಗ ಇರ್ತದ. ಕಾರ್ ಹತ್ತೂಕಿಂತ ಮೊದಲ ಒಮ್ಮೆ ಓದಿ ಇಟ್ಕೋತಾನ."

ಎರಡನೇ ಪುಟದಲ್ಲಿ ಇನ್ನೊಂದಿದೆ. ಕೊಲ್ಹಾರದ ಸೇತುವೆ ಮೇಲೆ ಹೋಗುವಾಗ "ಇವತ್ತ ಏನ್ ಹೇಳಾಕಿ?" ಅಂತ ಅಣ್ಣ ಕೇಳುತ್ತಾನೆ. ನೀನು ಹೇಳಿ ತೋರಿಸುತ್ತೀ. ಆಮೇಲೆ ಒಳಗೆ ಹೋಗಿ, ಅವನ ಪಕ್ಕದ ಕುರ್ಚಿಯಲ್ಲಿ ಕೂತು, ಅದನ್ನೇ ಒಪ್ಪಿಸುತ್ತೀ.

ಈಗ ಆ ಮೇಡಮ್ಮನವರ ಕಡೆಯಿಂದ ನೋಡೋಣ. ವಿಚಾರಗಳನ್ನು ಬರೆದಿಡುವುದು ಅವರು ಹೊಸೆದ ಕ್ರಮವೇನಲ್ಲ. ಅಮೆರಿಕದ ಮನೋವೈದ್ಯ ಆರನ್ ಬೆಕ್ 1960ರ ದಶಕದಲ್ಲಿ ಬೆಳೆಸಿದ ಚಿಕಿತ್ಸೆಯಿಂದ ಬಂದದ್ದು. ರಾತ್ರಿ ಎದೆ ಹೊಡೆದುಕೊಂಡಾಗ ತಲೆಯಲ್ಲಿ ಏನು ಓಡುತ್ತಿತ್ತು, ಅದು ಎಷ್ಟರಮಟ್ಟಿಗೆ ನಿಜ ಎಂದು ಬರೆದು ನೋಡುವುದು. ಚಲೋ ಉಪಾಯ, ಆದರೆ ಖರೇ ಬರೆದರೆ ಮಾತ್ರ. ನೀನು ಏನು ಬರೆದಿ? "ಇವತ್ತು ಆರಾಮ ಇದ್ದೆ. ಊಟ ಮಾಡಿದೆ. ದೇವರಿಗೆ ಕೈ ಮುಗಿದೆ." ಅಣ್ಣ ಓದುವ ವಹಿಯಲ್ಲಿ ಮತ್ತೇನು ಬರೆಯಲಿಕ್ಕಾದೀತು? ಅವರಿಗೆ ಅದು ತಿಳಿದಿರಬೇಕು, ಬಿಡಿಸಿದರು. ಉಸಿರಾಟಕ್ಕೆ ಮಾತು ಬೇಕಾಗಿಲ್ಲ, ಪಕ್ಕದಲ್ಲಿ ಯಾರು ಕೂತರೂ ನಡೆಯುತ್ತದೆ. ಅದಕ್ಕೇ ಅದನ್ನು ಕಲಿಸಿರಬೇಕೆಂದು ನನ್ನ ಊಹೆ. ಇನ್ನು ಆ ಸುಮ್ಮನೆ ಕೂತ ದಿನ. ಅವರು ನಿನ್ನ ಬಾಯಿಂದ ಒಂದು ಮಾತು ಬರಲೆಂದು ಕಾದರು. ಮಾತಾಡಿದವನು ಯಾರು? ನೀನೇ ಬರೆದಿದ್ದೀ: "ಅಣ್ಣ ಅಂದ, ಮದಿವಿಗೆ ಒಪ್ಪಿಸ್ರಿ ಮೇಡಮ್ಮಾರ, ಎಲ್ಲಾ ಸರಿ ಆಗ್ತದ."

ಕಾರ್ಲ್ ರೋಜರ್ಸ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ 1940-50ರ ದಶಕದಲ್ಲೇ ಹೇಳಿದ್ದು ಇದು: ಎಲ್ಲಿ ನೋಯುತ್ತದೆ, ಯಾವ ಕಡೆ ಹೋಗಬೇಕು ಎಂಬುದು ಬಂದವರಿಗೇ ಗೊತ್ತಿರುತ್ತದೆ. ಚಿಕಿತ್ಸಕರು ತೀರ್ಪು ಕೊಡದೆ, ನಾಟಕ ಮಾಡದೆ ಜೊತೆಗಿರಬೇಕು. ಇಂದು ಬಹಳ ಮಂದಿ ಚಿಕಿತ್ಸಕರು ಬೆಕ್, ರೋಜರ್ಸ್ ಇಬ್ಬರ ಕ್ರಮವನ್ನೂ ಬೆರೆಸಿ, ಎದುರಿಗಿದ್ದವರನ್ನು ನೋಡಿ ದಾರಿ ಬದಲಿಸುತ್ತಾರೆ. "ಯಾವುದರಿಂದ ಸುರು ಮಾಡೂಣು" ಅಂತ ಕೇಳುವುದು ಅದಕ್ಕೆ. ಅದು ನಿನಗೆ ಕೇಳಿದ ಪ್ರಶ್ನೆ. ಉತ್ತರ ಕೊಟ್ಟವನು ಅಣ್ಣ. ಗುಳೇದಗುಡ್ಡದ ಖಣ ಒಯ್ದು, ಅಳತೆಗೆ ಅಣ್ಣನ ಅಂಗಿ ಕೊಟ್ಟು, ಕುಬಸ ಸರಿ ಹೊಂದಲಿಲ್ಲ ಎಂದು ಟೇಲರನನ್ನು ಬೈದಂತಾಯಿತು ನಿನ್ನ ದೂರು.

ಮೇಡಮ್ಮನವರ ಮೇಲೂ ನನಗೊಂದು ಸಿಟ್ಟಿದೆ. ಮೊದಲ ದಿನವೇ "ಅಣ್ಣಾರ, ನೀವು ಹೊರಗ ಕೂಡ್ರಿ" ಅನ್ನಬೇಕಿತ್ತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಕಲಮಿನಲ್ಲಿ ಗೋಪ್ಯತೆ ಚಿಕಿತ್ಸೆ ಪಡೆಯುವವರ ಹಕ್ಕು ಎಂದೇ ಇದೆ. ನಮ್ಮ ಕಡೆ ದೂರದಿಂದ ಕಾರು ಮಾಡಿಕೊಂಡು ಬಂದ ಗಂಡಸನ್ನು ಬಾಗಿಲಾಚೆ ಕೂಡಿಸಲು ಎಲ್ಲರಿಗೂ ಮುಲಾಜು.

ಅಣ್ಣ ಕೆಟ್ಟವನಲ್ಲ, ರಜೆ ಹಾಕಿ ಕರೆದೊಯ್ಯುತ್ತಾನೆ ಎಂದು ನೀನು ಮೂರು ಕಡೆ ಬರೆದಿದ್ದೀ. ಇರಲಿ. ಈ ಅಂಕಣ ಓದುವವರಿಗೆ ನನ್ನ ಹಟ ಗೊತ್ತು: ಮನೆಯಲ್ಲಿ ಹೆಣ್ಣುಮಗಳಿಗೆ ಒಳಗಿನಿಂದ ಹಾಕಿಕೊಳ್ಳುವ ಒಂದು ಚಿಲಕ ಬೇಕು. ಬಂಗಾರದ ಬಳೆಗಿಂತ ಮೊದಲು ಅದನ್ನು ಮಾಡಿಸಿ ಎಂದು ಹತ್ತಾರು ತಾಯಂದಿರಿಗೆ ಬರೆದಿದ್ದೇನೆ. ನಿನ್ನಣ್ಣ ಆ ಚಿಲಕವನ್ನು ಪ್ರೀತಿಯಿಂದಲೇ ಕಿತ್ತಿದ್ದಾನೆ. ಅಪ್ಪ ಹೋದದ್ದಕ್ಕೆ ನೀನು ಅತ್ತೆಯೋ ಇಲ್ಲವೋ ಎಂದು ನಾಲ್ಕು ಪುಟದಲ್ಲಿ ಒಂದು ಸಾಲೂ ಇಲ್ಲ. ವರಗಳ ಲೆಕ್ಕ ಮಾತ್ರ ಇದೆ.

ಬೇರೆಯವರನ್ನು ಹುಡುಕಬೇಡ. ಹೋದಲ್ಲೆಲ್ಲ ಎರಡನೇ ಕುರ್ಚಿ ಇದ್ದೇ ಇರುತ್ತದೆ.

ಮುಂದಿನ ಸಲ ಬಸ್ಸಿಗೆ ಒಬ್ಬಳೇ ಹೋಗು. ಶಕ್ತಿ ಯೋಜನೆಯಲ್ಲಿ ಟಿಕೆಟ್ಟಿಗೆ ರೊಕ್ಕವೂ ಬೇಡ, ಆಧಾರ್ ತೋರಿಸಿದರಾಯಿತು. ಕೂತ ಕೂಡಲೇ ನನಗೆ ಬರೆದದ್ದನ್ನೇ ಅವರಿಗೆ ಹೇಳು. "ವಹಿ ಯಾಕ ಬಿಡಿಸಿದ್ರಿ?" ಅಂತಲೂ ಕೇಳು. ಯೋಚಿಸಿ ಬದಲಿಸಿದ ಚಿಕಿತ್ಸಕರ ಹತ್ತಿರ ಅದಕ್ಕೆ ಉತ್ತರ ಇರುತ್ತದೆ. ಉತ್ತರ ಇಲ್ಲದಿದ್ದರೆ ಆಗ ನನಗೆ ಮತ್ತೆ ಬರಿ. ಅಲ್ಲಿಯವರೆಗೆ ರಾತ್ರಿ ತೀರಾ ಕಷ್ಟವಾದರೆ 14416ಕ್ಕೆ ಫೋನ್ ಮಾಡು. ಅದು ಟೆಲಿ ಮನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ; ಹೊತ್ತುಗೊತ್ತಿಲ್ಲದೆ ಕನ್ನಡದಲ್ಲೇ ಮಾತಾಡುತ್ತಾರೆ, ಫೀ ಇಲ್ಲ.

ಇನ್ನು ಹೀಗೆ ಒಳಗೆ ಬಂದು ಕೂಡುವ ಅಣ್ಣಂದಿರಿಗೆ: ತಂಗಿಯ ಮದುವೆಯ ಚಿಂತೆಯಿಂದ ನಿಮಗೂ ನಿದ್ದೆ ಹತ್ತುತ್ತಿಲ್ಲವಾದರೆ ನೀವೂ ಹೋಗ್ರಿ. ಬೇರೆ ದಿನ, ನಿಮ್ಮದೇ ಹೆಸರಿನಲ್ಲಿ, ನಿಮ್ಮದೇ ಫೀ ಕೊಟ್ಟು.