ಹಳ್ಳದ ನೀರಿನಲ್ಲಿ ಒರತೆಯ ಪಾಲೆಷ್ಟು?

ಪ್ರಶ್ನೆ: ನಮ್ಮ ತೋಟದ ಅಂಚಿನ ಹಳ್ಳ ಮಳೆ ನಿಂತು ಮೂರು ತಿಂಗಳಾದರೂ ಹರಿಯುತ್ತಿರುತ್ತದೆ. ದೊಡ್ಡಬಳ್ಳಾಪುರದ ನೆಂಟರ ಊರಿನಲ್ಲಿ ಅರ್ಕಾವತಿ ಜೋರು ಮಳೆ ಬಂದಾಗ ಮಾತ್ರ ಹರಿಯುತ್ತದೆಯಂತೆ. ಹೊಳೆಯ ನೀರಿನಲ್ಲಿ ನೆಲದ ಮೇಲಿಂದ ಬಂದದ್ದೆಷ್ಟು, ಅಂತರ್ಜಲದಿಂದ ಬಂದದ್ದೆಷ್ಟು ಎಂದು ಹೇಗೆ ಬೇರ್ಪಡಿಸುತ್ತಾರೆ?
– ಅಡಿಕೆ ಬೆಳೆಗಾರರೊಬ್ಬರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಜೋರು ಮಳೆಯಲ್ಲಿ ಹಳ್ಳ ಕೆಂಪಾಗಿ ಏರುವುದನ್ನೂ, ಕೆಲವು ದಿನಗಳ ಬಳಿಕ ತಿಳಿಯಾಗಿ ನಿಧಾನಕ್ಕೆ ಇಳಿಯುವುದನ್ನೂ ನೀವು ನೋಡಿಯೇ ಇರುತ್ತೀರಿ. ಆ ಕೆನ್ನೀರಿನಲ್ಲಿ ಹೆಚ್ಚಿನದು ಮೇಲ್ಹರಿವು. ಮಳೆಯಿಲ್ಲದ ದಿನಗಳ ತಿಳಿನೀರು ಮಣ್ಣಿನೊಳಗೆ ಇಂಗಿ, ತಿಂಗಳುಗಟ್ಟಲೆ ತಂಗಿ, ಒರತೆಯಾಗಿ ಬರುವ ಮೂಲಹರಿವು. ಕಷ್ಟವಿರುವುದು ಎರಡೂ ಒಟ್ಟಿಗೆ ಹರಿಯುವ ದಿನಗಳಲ್ಲಿ, ಏಕೆಂದರೆ ಹೊಳೆಯಲ್ಲಿ ನೆಟ್ಟ ಅಳತೆಪಟ್ಟಿ ತೋರಿಸುವುದು ಅವುಗಳ ಮೊತ್ತವನ್ನು ಮಾತ್ರ.

ಹಳೆಯ ವಿಧಾನದಲ್ಲಿ, ದಿನದಿಂದ ದಿನಕ್ಕೆ ಹರಿವಿನ ಏರಿಳಿತ ತೋರಿಸುವ ನಕ್ಷೆಯ ಮೇಲೆ ಕೈಯಿಂದಲೇ ಗೆರೆ ಎಳೆದು ಎರಡನ್ನೂ ಬೇರ್ಪಡಿಸುತ್ತಿದ್ದರು. ಜಲಾನಯನ ಪ್ರದೇಶದ ವಿಸ್ತೀರ್ಣ 1000 ಚದರ ಕಿಲೋಮೀಟರ್ ಇದ್ದರೆ, ನೆರೆ ತುದಿ ಮುಟ್ಟಿದ ಸುಮಾರು 3.3 ದಿನಗಳಲ್ಲಿ ಮೇಲ್ಹರಿವು ಮುಗಿಯಿತೆಂದು ಒಂದು ಸೂತ್ರ ಎಣಿಸುತ್ತದೆ. ಇಳಿಜಾರು, ಮಣ್ಣು, ಕಾಡು ಯಾವುದನ್ನೂ ಅದು ಕೇಳುವುದಿಲ್ಲವಾದ್ದರಿಂದ ಅದನ್ನು ಅಂದಾಜೆಂದೇ ಬಳಸಬೇಕು. ಈಗ ಹೆಚ್ಚು ಬಳಕೆಯಲ್ಲಿರುವುದು ಲೈನ್ ಮತ್ತು ಹಾಲಿಕ್ ಎಂಬ ಸಂಶೋಧಕರು 1979ರಲ್ಲಿ ಸೂಚಿಸಿದಂಥ ಗಣಿತದ ಸೋಸುವಿಕೆ: ದಿನದಿಂದ ದಿನಕ್ಕೆ ಥಟ್ಟನೆ ಏರಿಳಿಯುವ ಭಾಗವನ್ನು ಮೇಲ್ಹರಿವೆಂದು ತೆಗೆದು, ಉಳಿದ ನಿಧಾನದ ಭಾಗವನ್ನು ಮೂಲಹರಿವೆಂದು ಲೆಕ್ಕ ಹಾಕುತ್ತಾರೆ. 2005ರಲ್ಲಿ ಎಕ್‌ಹಾರ್ಟ್ ಎಂಬ ಸಂಶೋಧಕರು ಇದಕ್ಕೆ ಇನ್ನೊಂದು ಅಂಕಿಯನ್ನು ಸೇರಿಸಿದರು. ಒಟ್ಟು ಹರಿವಿನಲ್ಲಿ ಮೂಲಹರಿವಿನ ಪಾಲು ದೀರ್ಘಾವಧಿಯಲ್ಲಿ ಎಷ್ಟರವರೆಗೆ ಹೋಗಬಹುದೆಂಬ ಮಿತಿ ಅದು. ನೀರು ಸುಲಭವಾಗಿ ಜಿನುಗುವ ನೆಲದ ಜೀವನದಿಗಳಿಗೆ 0.80, ಗಟ್ಟಿ ಶಿಲೆಯ ನೆಲದ ಜೀವನದಿಗಳಿಗೆ 0.25. ನಮ್ಮ ರಾಜ್ಯದ ಬಹುಭಾಗ ಗಟ್ಟಿ ಶಿಲೆ. ಬೇರೆಡೆಯ 0.80 ಅನ್ನು ಹಾಗೆಯೇ ಇಲ್ಲಿಗೆ ತಂದರೆ ಇಲ್ಲದ ಅಂತರ್ಜಲ ಕಾಗದದ ಮೇಲೆ ಕಾಣಿಸಿಕೊಳ್ಳುತ್ತದೆ.

ಈ ಸೋಸುವಿಕೆಗೆ ನೀರಿನ ಮೂಲ ಗೊತ್ತಿಲ್ಲ, ಅದರ ವೇಗವಷ್ಟೇ ಗೊತ್ತು ಎಂಬುದನ್ನು ನಾನು ಒತ್ತಿ ಹೇಳಬಯಸುತ್ತೇನೆ. ಅರ್ಕಾವತಿಯ ಉಪನದಿ ವೃಷಭಾವತಿ ಬೇಸಿಗೆಯಲ್ಲೂ ತುಂಬಿ ಹರಿಯುವುದು ಬೆಂಗಳೂರಿನ ಕೊಳಚೆಯಿಂದ, ಆದರೆ ಸೋಸುವಿಕೆ ಅದನ್ನೂ ಮೂಲಹರಿವೆಂದೇ ಎಣಿಸುತ್ತದೆ. ಇತ್ತ ಅರ್ಕಾವತಿಯ ಮೇಲ್ಭಾಗದಲ್ಲಿ ಕೊಳವೆಬಾವಿಗಳು ಅಂತರ್ಜಲವನ್ನು ಹೊಳೆಯ ತಳಕ್ಕಿಂತ ಬಹಳ ಕೆಳಕ್ಕೆ ಇಳಿಸಿವೆ. ಒರತೆ ಹೊಳೆಗೆ ಬರುವ ಬದಲು ಹೊಳೆಯ ನೀರೇ ನೆಲಕ್ಕೆ ಇಳಿಯುತ್ತದೆ. ನಿಮ್ಮ ನೆಂಟರು ಕಾಣುತ್ತಿರುವುದು ಇದನ್ನೇ. ಅರ್ಕಾವತಿಗೆ ಅಡ್ಡಲಾಗಿ 1933ರಲ್ಲಿ ಕಟ್ಟಿದ ತಿಪ್ಪಗೊಂಡನಹಳ್ಳಿ ಜಲಾಶಯಕ್ಕೆ ಒಳಹರಿವು ಕುಗ್ಗಿದ್ದಕ್ಕೆ ಮಳೆಯನ್ನಷ್ಟೇ ದೂರಿದರೆ ಈ ಕಾರಣ ಮರೆಯಾಗುತ್ತದೆ.

ಆದ್ದರಿಂದ ಗಣಿತದ ಜತೆಗೆ ನೀರನ್ನೂ ಪರೀಕ್ಷಿಸಬೇಕು. ಕಲ್ಲುಮಣ್ಣಿನ ನಡುವೆ ತಂಗಿದ ನೀರಿನಲ್ಲಿ ಲವಣ ಕರಗಿರುವುದರಿಂದ ಅದರ ವಿದ್ಯುತ್ ವಾಹಕತೆ ಮಳೆನೀರಿಗಿಂತ ಹೆಚ್ಚು. ಉದಾಹರಣೆಗೆ ಮಳೆನೀರಿನದು 20, ಒರತೆಯದು 120, ನೆರೆಯ ದಿನ ಹಳ್ಳದ್ದು 70 ಎಂದು ಮೀಟರ್ ತೋರಿಸಿದರೆ ಹಳ್ಳದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಒರತೆಯ ನೀರಿದೆ ಎಂದರ್ಥ.

ನಿಮ್ಮ ಹಳ್ಳವನ್ನು ನೀವೇ ಅಳೆಯಬಹುದು. ದೀಪಾವಳಿಯ ನಂತರ ಮಳೆಯಿಲ್ಲದ ಒಂದು ತಿಂಗಳು ಆರಿಸಿಕೊಂಡು, ಹಳ್ಳ ಕಿರಿದಾಗುವಲ್ಲಿ ನೀರೆಲ್ಲ ಒಂದು ಪೈಪಿನಲ್ಲಿ ಬೀಳುವಂತೆ ಮಾಡಿ, ಬಕೆಟ್ ತುಂಬಲು ಎಷ್ಟು ಸೆಕೆಂಡ್ ಹಿಡಿಯಿತೆಂದು ದಿನವೂ ಬರೆದಿಡಿ. ಹರಿವು ದಿನಕ್ಕೆ ಶೇಕಡಾ 5ರಂತೆ ಇಳಿದರೆ ಸುಮಾರು ಹದಿಮೂರೂವರೆ ದಿನದಲ್ಲಿ ಅರ್ಧವಾಗುತ್ತದೆ, ಶೇಕಡಾ 1ರಂತೆ ಇಳಿದರೆ ಅದಕ್ಕೆ 69 ದಿನ ಬೇಕು. ಅಳತೆಯನ್ನು ಬೆಳಗ್ಗೆ, ಮೇಲಿನ ತೋಟಗಳ ಪಂಪ್‌ಸೆಟ್ ಶುರುವಾಗುವ ಮೊದಲೇ ಮುಗಿಸಿ. ಇಲ್ಲದಿದ್ದರೆ ಪಂಪು ಎಳೆದ ನೀರೂ ನೆಲ ಬತ್ತಿದ ಲೆಕ್ಕಕ್ಕೆ ಸೇರಿಬಿಡುತ್ತದೆ.