ಬರಿ ಮುಖದಲ್ಲಿ ಕಾಲೇಜಿಗೆ ಹೋಗಲಾರೆ: ಎರಡು ಕೊರಿಯನ್ ವೆಬ್‌ಟೂನ್ ಓದುತ್ತಿದ್ದ ಹುಡುಗಿಯ ಪ್ರಕರಣ

(ಹೆಸರು, ಊರು, ಗುರುತು ಸಿಗುವಂಥ ವಿವರಗಳನ್ನು ಬದಲಿಸಲಾಗಿದೆ.)

ಸಿಂಚನಾಗೆ 16 ವರ್ಷ. ಮೊದಲ ಪಿಯುಸಿ, ವಿಜ್ಞಾನ ವಿಭಾಗ. ಹಾಜರಾತಿ ಕಡಿಮೆಯಾಗಿದೆ ಎಂದು ಕಾಲೇಜಿನಿಂದ ಫೋನ್ ಬಂದ ಮೇಲೆ ತಾಯಿ ಸಮಾಲೋಚನೆಗೆ ಕರೆದುಕೊಂಡು ಬಂದಿದ್ದರು. ಹುಡುಗಿ ಬೆಳಿಗ್ಗೆ ಐದಕ್ಕೇ ಎದ್ದು ಒಂದೂವರೆ ಗಂಟೆ ಕನ್ನಡಿ ಮುಂದೆ ಮೇಕಪ್ಪಿಗೆ ಕೂರುತ್ತಿದ್ದಳು. ಮುಖ ಮನಸ್ಸಿಗೆ ಬಂದಂತೆ ಆಗದ ದಿನ ಹೊಟ್ಟೆನೋವು ಎಂದು ಮಲಗಿಬಿಡುತ್ತಿದ್ದಳು. "ಆ ಕೊರಿಯಾ ಕಾಮಿಕ್ಸ್ ಓದಿ ಓದಿ ಹಾಳಾದ್ಲು ಮೇಡಂ" ಎನ್ನುವುದು ತಾಯಿಯ ದೂರು. ಆಗಲೇ ಮೊಬೈಲ್ ಕಿತ್ತಿಟ್ಟಿದ್ದರು. ಹಾಜರಾತಿ ಅದರಿಂದೇನೂ ಸುಧಾರಿಸಿರಲಿಲ್ಲ.

ತಾಯಿಯನ್ನು ಹೊರಗೆ ಕೂರಿಸಿ ಮಾತಾಡಿಸಿದಾಗ ಬೇರೆಯದೇ ಸಂಗತಿ ಗೊತ್ತಾಯಿತು. ತರಗತಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಅವಳ ಮೊಡವೆ ಮುಖದ ಫೋಟೊವನ್ನು ಯಾರೋ ಸ್ಟಿಕ್ಕರ್ ಮಾಡಿದ್ದರು. ಯಾರಾದರೂ ಪೆದ್ದು ಪ್ರಶ್ನೆ ಕೇಳಿದರೆ ಉತ್ತರವಾಗಿ ಆ ಸ್ಟಿಕ್ಕರ್ ಬೀಳುತ್ತಿತ್ತು. ಮೈಬಣ್ಣದ ಬಗ್ಗೆಯೂ ಮಾತು ಕೇಳಿದ್ದಳು. ಇದೆಲ್ಲ ಶುರುವಾದ ಮೇಲೆ ಅವಳು 'ಟ್ರೂ ಬ್ಯೂಟಿ' ಓದಲು ಹಿಡಿದದ್ದು. ಈ ಕ್ರಮವನ್ನು ತಪ್ಪಾಗಿ ಓದಿಕೊಂಡರೆ ಸಲಹೆಯೂ ತಪ್ಪುತ್ತದೆ. ಗಾಯ ಮಾಡಿದ್ದು ಕಾಮಿಕ್ಸ್ ಅಲ್ಲ, ಗಾಯಕ್ಕೆ ಏನು ಹಚ್ಚಬೇಕೆಂದು ಹೇಳಿಕೊಟ್ಟದ್ದು ಕಾಮಿಕ್ಸ್. ಆ ಔಷಧ ಸರಿಯೇ ಎಂಬ ಪ್ರಶ್ನೆಯಿಂದಲೇ ಮಾತು ಮುಂದುವರಿಸಬೇಕಾಯಿತು. ಆದ್ದರಿಂದ ಮೊಬೈಲ್ ವಾಪಸ್ ಕೊಡಿ ಎಂದು ಮೊದಲ ದಿನವೇ ತಾಯಿಗೆ ಹೇಳಲಾಯಿತು. ನಿರ್ಬಂಧ ಒಂದೇ: ರಾತ್ರಿ ಹತ್ತರ ನಂತರ ಫೋನ್ ಹಾಲ್‌ನಲ್ಲಿ ಚಾರ್ಜಿಗೆ, ಮನೆಯವರೆಲ್ಲರದ್ದೂ.

ಒಂಬತ್ತನೇ ತರಗತಿಯ ತಮ್ಮ ಓದುತ್ತಿದ್ದದ್ದು 'ಲುಕಿಸಂ'. "ಅಕ್ಕಾ, ನಿಂದು ಬರೀ ಲವ್ ಸ್ಟೋರಿ, ಇದನ್ನ ಓದು" ಎಂದು ಅವಳಿಗೂ ಕೊಟ್ಟಿದ್ದ. ಹೀಗಾಗಿ ಇಬ್ಬರಿಗೂ ಎರಡೂ ಗೊತ್ತಿತ್ತು. ಸಮಾಲೋಚನೆಯಲ್ಲಿ ಇದು ದೊಡ್ಡ ಅನುಕೂಲ. ತನ್ನ ಬಗ್ಗೆ ಹೇಳಲು ಗಂಟಲು ಕಟ್ಟುವ ಮಗು 'ಟ್ರೂ ಬ್ಯೂಟಿ'ಯ ನಾಯಕಿ ಜೂಗ್ಯಂಗ್ ಬಗ್ಗೆ ಅರ್ಧ ಗಂಟೆ ಮಾತಾಡುತ್ತದೆ.

ಓದದವರಿಗಾಗಿ ಸ್ವಲ್ಪ ವಿವರ. ಎರಡೂ ದಕ್ಷಿಣ ಕೊರಿಯಾದ ನೇವರ್ ವೆಬ್‌ಟೂನ್ ಎಂಬ ಆನ್‌ಲೈನ್ ಕಾಮಿಕ್ಸ್ ತಾಣದಲ್ಲಿ ವಾರವಾರ ಬಂದವು, ಫೋನಿನಲ್ಲಿ ಮೇಲಿಂದ ಕೆಳಕ್ಕೆ ಜಾರಿಸಿ ಓದುವಂಥವು. ಪಾರ್ಕ್ ತೇ-ಜೂನ್ ಅವರ 'ಲುಕಿಸಂ' ಆರಂಭವಾದದ್ದು 2014ರಲ್ಲಿ. ಯಾವೊಂಗಿ ಅವರ 'ಟ್ರೂ ಬ್ಯೂಟಿ' 2018ರಲ್ಲಿ. ಎರಡನೆಯದು 2020ರ ಡಿಸೆಂಬರ್‌ನಿಂದ 16 ಕಂತುಗಳ ಧಾರಾವಾಹಿಯಾಗಿ ಬಂತು. ಮೊದಲನೆಯದರ ಅನಿಮೇಷನ್ 2022ರಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂತು. 'ಟ್ರೂ ಬ್ಯೂಟಿ'ಯ ಲಿಮ್ ಜೂಗ್ಯಂಗ್ ವಿಡಿಯೊ ನೋಡಿ ಮೇಕಪ್ ಕಲಿತು ಹೊಸ ಶಾಲೆಯಲ್ಲಿ 'ದೇವತೆ' ಎನಿಸಿಕೊಳ್ಳುತ್ತಾಳೆ, ಆಮೇಲೆ ಬರಿ ಮುಖ ಯಾರಿಗೂ ಕಾಣದಂತೆ ಕಾಯುವುದೇ ಅವಳ ಬದುಕಾಗುತ್ತದೆ. 'ಲುಕಿಸಂ'ನ ಹುಡುಗ, ಇಂಗ್ಲಿಷ್ ಆವೃತ್ತಿಯಲ್ಲಿ ಡ್ಯಾನಿಯಲ್, ಕುಳ್ಳ, ದಪ್ಪ, ದಿನವೂ ಪೆಟ್ಟು ತಿನ್ನುವವನು. ಒಂದು ಬೆಳಿಗ್ಗೆ ಅವನಿಗೆ ಎತ್ತರದ, ಸುಂದರವಾದ ಇನ್ನೊಂದು ದೇಹ ಸಿಗುತ್ತದೆ. ಒಂದು ದೇಹ ಮಲಗಿದರೆ ಇನ್ನೊಂದು ಏಳುತ್ತದೆ. ಹಗಲು ಚೆಲುವ ಶಾಲೆಗೆ, ರಾತ್ರಿ ಹಳೆಯವನು ಅಂಗಡಿ ಕೆಲಸಕ್ಕೆ.

ಒಂದು ಹಾಳೆಯಲ್ಲಿ ಕಥೆಗೊಂದರಂತೆ ಎರಡು ಕಾಲಂ ಎಳೆಸಿ ನಾಲ್ಕು ಪ್ರಶ್ನೆ ಕೊಡಲಾಯಿತು. ಬದಲಾದದ್ದು ಏನು? ಬದಲಾಗದೆ ಉಳಿದದ್ದು ಏನು? ಗುಟ್ಟು ಕಾಯಲು ದಿನಕ್ಕೆ ಎಷ್ಟು ದುಡಿಮೆ? ಹಿಂಸೆ ನಡೆದಾಗ ದೊಡ್ಡವರು ಎಲ್ಲಿದ್ದರು?

ಎರಡನೇ ಪ್ರಶ್ನೆಗೆ ಉತ್ತರ ಬರೆಯುವಾಗ ಸಿಂಚನಾ ತಾನಾಗಿ ಒಂದು ಮಾತು ಹೇಳಿದಳು: "ಡ್ಯಾನಿಯಲ್ ಎರಡೂ ದೇಹದಲ್ಲಿ ಅವನೇ. ಅದೇ ಹೆದರಿಕೆ, ಅದೇ ಒಳ್ಳೆತನ. ಜನ ಮಾತ್ರ ಬೇರೆ ಥರ ಆಡ್ತಾರೆ." 'ಲುಕಿಸಂ'ನ ನಿಜವಾದ ಬಲ ಇದೇ. ಮನುಷ್ಯನನ್ನು ಹಾಗೇ ಇಟ್ಟು ತೊಗಲನ್ನಷ್ಟೇ ಬದಲಿಸಿ ನೋಡುವುದರಿಂದ ತಪ್ಪು ಯಾರದು ಎಂಬುದಕ್ಕೆ ಅನುಮಾನ ಉಳಿಯುವುದಿಲ್ಲ. 'ಟ್ರೂ ಬ್ಯೂಟಿ' ಓದುವ ಹುಡುಗಿಗೆ ಈ ಸ್ಪಷ್ಟತೆ ಸುಲಭವಾಗಿ ಸಿಗದು. ಅಲ್ಲಿ ನಾಯಕಿ ಶ್ರಮಪಟ್ಟು ಮುಖ 'ಸರಿಮಾಡಿಕೊಂಡ' ಮೇಲೆ ಎಲ್ಲರೂ ಪ್ರೀತಿಸುತ್ತಾರೆ. ಹಾಗಾದರೆ ಮೊದಲು ಸಿಗದಿದ್ದಕ್ಕೆ ತನ್ನ ಸೋಮಾರಿತನವೇ ಕಾರಣ ಎಂದು ಎಳೆಯ ಮನಸ್ಸು ಲೆಕ್ಕ ಹಾಕುತ್ತದೆ. ಸಿಂಚನಾ ಹಾಕಿದ ಲೆಕ್ಕವೂ ಅದೇ.

ಆದರೆ ಮೂರನೇ ಪ್ರಶ್ನೆಯಲ್ಲಿ 'ಟ್ರೂ ಬ್ಯೂಟಿ'ಯೇ ಮೇಲು. ಮುಚ್ಚಿಟ್ಟ ಮುಖದ ದಣಿವನ್ನು, ಒಂದು ಮಳೆಗೆ, ಒಂದು ಸ್ನಾನಕ್ಕೆ ಎಲ್ಲ ಹೋಗಿಬಿಡುತ್ತದೆ ಎಂಬ ದಿಗಿಲನ್ನು ಅದು ಹತ್ತಿರದಿಂದ ತೋರಿಸುತ್ತದೆ. ಅಲ್ಲದೆ ನಾಯಕ ಸೂಹೋಗೆ ಅವಳ ಬರಿ ಮುಖ ಮೊದಲೇ ಗೊತ್ತು. ಅವರ ಸ್ನೇಹ ಬೆಳೆಯುವುದು ಕಾಮಿಕ್ಸ್ ಪುಸ್ತಕಗಳ ಹುಚ್ಚಿನಿಂದ. "ಅವಳು ನಿರಾಳವಾಗಿ ನಗೋ ಜಾಗ ಯಾವುದು ನೋಡು" ಎಂದಾಗ ಹುಡುಗಿ ಆ ಪುಟಗಳನ್ನೇ ಹುಡುಕಿ ತೆಗೆದಳು.

ಇನ್ನೊಂದು ಅಭ್ಯಾಸಕ್ಕೆ ಸ್ಕೇಲ್ ಬೇಕು. ಚಿತ್ರಕಲೆ ಕಲಿಸುವವರು ಮನುಷ್ಯರ ಮುಖದ ಅಗಲ ಸುಮಾರು ಐದು ಕಣ್ಣಿನಷ್ಟು ಎಂದು ಹೇಳಿಕೊಡುತ್ತಾರೆ. ಸಿಂಚನಾ ತನ್ನ ಮುಖ, ಅಮ್ಮನ ಮುಖ, ಆಮೇಲೆ ಮೇಕಪ್ ಮಾಡಿದ ಜೂಗ್ಯಂಗ್‌ಳ ಚಿತ್ರ ಅಳೆದಳು. ಮನೆಯವರು ಐದರ ಆಸುಪಾಸಿನಲ್ಲಿದ್ದರು, ಚಿತ್ರ ಐದು ಮುಟ್ಟಲಿಲ್ಲ. ಅದೇ ಹುಡುಗಿಯ ಬರಿ ಮುಖದ ಚಿತ್ರದಲ್ಲಿ ಕಣ್ಣು ಚಿಕ್ಕದು, ದವಡೆಯೂ ಬೇರೆ. ಫೌಂಡೇಶನ್ ಬಣ್ಣವನ್ನು ಸಮ ಮಾಡುತ್ತದೆ, ಕಾಂಟೂರ್ ನೆರಳು ಹಾಕುತ್ತದೆ, ಲೈನರ್ ಕಣ್ಣಿನ ಅಂಚನ್ನು ಎದ್ದುಕಾಣಿಸುತ್ತದೆ. ಯಾವುದೂ ಮೂಳೆ ಬದಲಿಸುವುದಿಲ್ಲ. ಕಲಾವಿದೆಯ ಪೆನ್ನು ಮಾಡಿದ ಕೆಲಸವನ್ನು ಸಿಂಚನಾ ಬ್ರಷ್‌ನಿಂದ ಮಾಡಲು ಹೊರಟು ದಿನವೂ ಸೋಲುತ್ತಿದ್ದಳು. ಇದನ್ನು ಬಾಯಲ್ಲಿ ಹೇಳಿದರೆ ಉಪದೇಶವಾಗುತ್ತದೆ, ಅವಳೇ ಅಳೆಯಬೇಕು.

ನಾಲ್ಕನೇ ಪ್ರಶ್ನೆಗೆ ಎರಡೂ ಕಾಲಂ ಹೆಚ್ಚುಕಡಿಮೆ ಖಾಲಿ. ಎರಡೂ ಕಥೆಗಳಲ್ಲಿ ಶಿಕ್ಷಕರು ಲೆಕ್ಕಕ್ಕೇ ಬರುವುದಿಲ್ಲ. ಒಂದರಲ್ಲಿ ಪ್ರೀತಿಸುವ ಹುಡುಗ ಕಾಪಾಡುತ್ತಾನೆ, ಇನ್ನೊಂದರಲ್ಲಿ ಮುಷ್ಟಿ ಕಾಪಾಡುತ್ತದೆ. 'ಲುಕಿಸಂ' ಮುಂದೆ ಹೋದಂತೆಲ್ಲ ಗ್ಯಾಂಗ್‌ಗಳ ಹೊಡೆದಾಟವೇ ಆಗಿಬಿಡುತ್ತದೆ. ಕಥೆಯಾಗಿ ಅದು ಸರಿಯಿರಬಹುದು, ಪಿಯುಸಿ ಹುಡುಗಿಗೆ ದಾರಿಯಾಗಿ ಏನೂ ಸಾಲದು. ಆ ಖಾಲಿ ಜಾಗವನ್ನು ನಿಜ ಜೀವನದಲ್ಲಿ ಯಾರು ತುಂಬಬೇಕೆಂದು ಕೇಳಿದಾಗ ಅವಳು ರಸಾಯನಶಾಸ್ತ್ರದ ಲೆಕ್ಚರರ್ ಹೆಸರು ಬರೆದಳು.

ಸಲಹೆಯಲ್ಲಿ ಮೊದಲು ಬಂದದ್ದು ಚರ್ಮದ ವಿಷಯ. ಬ್ಯಾಗಿನಲ್ಲಿದ್ದ ಟ್ಯೂಬ್ ತೋರಿಸು ಎಂದಾಗ ಸಿಕ್ಕಿದ್ದು ಸ್ಟೀರಾಯ್ಡ್ ಬೆರೆತ ಕ್ರೀಮ್, ಗೆಳತಿಯೊಬ್ಬಳು ಮೆಡಿಕಲ್ ಶಾಪ್‌ನಿಂದ ಚೀಟಿಯಿಲ್ಲದೆ ತಂದುಕೊಟ್ಟದ್ದು. ಟ್ಯೂಬಿನ ಹಿಂಬದಿಯಲ್ಲಿ ಬೆಟಾಮೆಥಾಸೋನ್, ಕ್ಲೋಬೆಟಾಸಾಲ್, ಮೊಮೆಟಾಸೋನ್ ಎಂಬ ಹೆಸರಿದ್ದರೆ ಅದು ಸ್ಟೀರಾಯ್ಡ್. ಮೊದಲ ಕೆಲವು ವಾರ ಮುಖ ಬೆಳ್ಳಗಾಗಿ ನುಣುಪಾಗುತ್ತದೆ. ಆಮೇಲೆ ಚರ್ಮ ತೆಳುವಾಗಿ ಕೆಂಪಾಗುತ್ತದೆ, ಬಿಸಿಲಿಗೆ ಉರಿಯುತ್ತದೆ, ಹೊಸ ಮೊಡವೆ ಏಳುತ್ತವೆ, ಕೂದಲೂ ಬರಬಹುದು. ಬಿಟ್ಟರೆ ಉರಿ ಜಾಸ್ತಿಯಾಗುವುದರಿಂದ ಮಗು ಮತ್ತೆ ಹಚ್ಚುತ್ತದೆ. 'ನನ್ನ ನಿಜವಾದ ಮುಖ ಇಷ್ಟು ಕೆಟ್ಟದು' ಎಂದು ಅವಳು ನಂಬಿದ್ದರಲ್ಲಿ ಒಂದು ಪಾಲು ಈ ಟ್ಯೂಬಿನದು. ತಾನೇ ದಿಢೀರನೆ ನಿಲ್ಲಿಸದೆ, ಟ್ಯೂಬ್ ಸಮೇತ ಅದೇ ವಾರ ಚರ್ಮರೋಗ ತಜ್ಞರ ಬಳಿ ಹೋಗಲು ತಿಳಿಸಲಾಯಿತು. ಹೇಗೆ ಇಳಿಸಬೇಕೆಂದು ಅವರೇ ಹೇಳಬೇಕು. ಅಲ್ಲಿಯವರೆಗೆ ದಿನಕ್ಕೆ ಎರಡೇ ಸಲ ಸೌಮ್ಯ ಫೇಸ್‌ವಾಶ್, ಮಲಗುವ ಮುಂಚೆ ಮೇಕಪ್ ಪೂರ್ತಿ ತೆಗೆಯುವುದು, ನಿಂಬೆರಸ, ಟೂತ್‌ಪೇಸ್ಟ್ ಮುಟ್ಟದಿರುವುದು. ಮೊಡವೆ ಚಿಕಿತ್ಸೆಯ ಫಲ ಕಾಣಲು ಆರೆಂಟು ವಾರವಾದರೂ ಬೇಕೆಂದು ಮೊದಲೇ ಹೇಳಿರಬೇಕು, ಇಲ್ಲದಿದ್ದರೆ ಹತ್ತನೇ ದಿನಕ್ಕೆ ಹಳೆ ಟ್ಯೂಬ್ ವಾಪಸ್ ಬರುತ್ತದೆ.

ಮುಂದಿನದು ಹೆದರಿಕೆಯ ಮೆಟ್ಟಿಲು. ಧಾರಾವಾಹಿಯಲ್ಲಿ ಗುಟ್ಟು ರಟ್ಟಾದ ಮೇಲೆ ಜೂಗ್ಯಂಗ್ ಬರಿ ಮುಖದಲ್ಲಿ ಶಾಲೆಗೆ ಬರುತ್ತಾಳೆ. ಅದು ಒಂದೇ ನೆಗೆತ. ನಿಜದಲ್ಲಿ ಸಣ್ಣ ಸಣ್ಣ ಮೆಟ್ಟಿಲು ಬೇಕು. ಹತ್ತಕ್ಕೆ ಎಷ್ಟು ಹೆದರಿಕೆ ಎಂದು ಅವಳಿಂದಲೇ ಅಂಕ ಹಾಕಿಸಲಾಯಿತು: ಬರಿ ಮುಖದಲ್ಲಿ ನೆಂಟರ ಮುಂದೆ ಕೂರುವುದು 3, ಹಾಲಿನ ಅಂಗಡಿ 4, ಕನ್ಸೀಲರ್ (ಕಲೆ ಮುಚ್ಚುವ ಕ್ರೀಮ್) ಮಾತ್ರ ಹಚ್ಚಿ ಟ್ಯೂಷನ್ 5, ಹಾಗೆಯೇ ಕಾಲೇಜು 7, ಏನೂ ಹಚ್ಚದೆ ಲ್ಯಾಬ್ 8, ಗುಂಪು ಫೋಟೊ 10. ಹೊರಡುವ ಮುಂಚೆ 'ಏನಾಗುತ್ತದೆ ಅನ್ನಿಸುತ್ತಿದೆ' ಎಂದು ಒಂದು ಸಾಲು, ಬಂದ ಮೇಲೆ 'ಏನಾಯಿತು' ಎಂದು ಒಂದು ಸಾಲು. ಹೆದರಿಕೆ ಅರ್ಧಕ್ಕೆ ಇಳಿಯುವವರೆಗೆ ಅಲ್ಲೇ ಇರಬೇಕು, ಒಂದೇ ಮೆಟ್ಟಿಲನ್ನು ಹಲವು ದಿನ ಮಾಡಬೇಕು.

ಹಾಲಿನ ಅಂಗಡಿಯ ಮೆಟ್ಟಿಲು ಮೊದಲ ವಾರ ಕೆಲಸ ಮಾಡಲಿಲ್ಲ, ಅಂಕ ನಾಲ್ಕರಲ್ಲೇ ನಿಂತಿತ್ತು. ವಿಚಾರಿಸಿದರೆ ಮಾಸ್ಕ್ ಹಾಕಿಕೊಂಡು ಹೋಗುತ್ತಿದ್ದಳು. ಮೇಕಪ್ ಹೋಗಿ ಮಾಸ್ಕ್ ಬಂದಿತ್ತು, ಮುಚ್ಚುವುದು ನಿಂತಿರಲಿಲ್ಲ. ಕೂದಲು ಮುಂದೆ ಬಿಡುವುದು, ಸೆಲ್ಫಿ ಕ್ಯಾಮೆರಾದಲ್ಲಿ ನೋಡಿಕೊಳ್ಳುವುದು, "ಅಮ್ಮಾ, ಹೇಗ್ ಕಾಣ್ತಿದೀನಿ?" ಎಂದು ಪದೇಪದೇ ಕೇಳುವುದು, ಎಲ್ಲ ಅದೇ ಜಾತಿ. ಇವು ಇರುವವರೆಗೆ 'ಮುಚ್ಚಿಕೊಂಡಿದ್ದರಿಂದ ಬಚಾವಾದೆ' ಎಂದೇ ಮನಸ್ಸು ಕಲಿಯುತ್ತದೆ. ತಾಯಿಗೆ ಕಷ್ಟವಾದದ್ದು ಇಲ್ಲೇ. "ಚೆನ್ನಾಗಿದ್ದೀಯಮ್ಮ" ಎನ್ನದೆ "ಇದಕ್ಕೆ ಉತ್ತರ ಕೊಡಬಾರದು ಅಂತ ಮಾತಾಡಿಕೊಂಡಿದ್ದೀವಿ, ಬಾ ತಿಂಡಿ ತಿನ್ನು" ಎನ್ನಲು ಹೇಳಿಕೊಡಲಾಯಿತು. 'ಕಪ್ಪಾಗಿಬಿಟ್ಟಿದ್ದೀಯ' ಎನ್ನುವ ನೆಂಟರ ಮಾತನ್ನು ಅಲ್ಲೇ ತಡೆಯುವುದು ತಂದೆಯ ಪಾಲಿಗೆ ಬಂತು.

ಮೇಕಪ್ಪನ್ನೇ ಬಿಡಿಸುವುದು ಉದ್ದೇಶವಲ್ಲ. ಜೂಗ್ಯಂಗ್‌ಗೆ ಅದು ಒಲಿದ ಕಲೆ, ಮುಂದೆ ವೃತ್ತಿಯೂ ಆಗುತ್ತದೆ. ಸಿಂಚನಾಳ ಕೈಯಲ್ಲೂ ಆ ನಯ ಇದೆ. ಮೇಕಪ್ ಬ್ಯಾಗ್ ಕಳೆದುಹೋದ ದಿನವೂ ಪರೀಕ್ಷೆ ಬರೆಯಲು ಹೋಗಬಲ್ಲಳೇ ಎಂಬುದಷ್ಟೇ ಅಳತೆ.

ಸ್ಟಿಕ್ಕರ್ ವಿಷಯದಲ್ಲಿ ತಡಮಾಡುವಂತಿರಲಿಲ್ಲ. ಬದಲಾಗಬೇಕಾದವರು ತರಗತಿಯವರು, ಆ ಕೆಲಸವನ್ನು ಹುಡುಗಿಯ ಹೆಗಲಿಗೆ ಹಾಕಬಾರದು. ಗುಂಪಿನಿಂದ ಹೊರಬರುವ ಮುಂಚೆ ದಿನಾಂಕ, ಕಳಿಸಿದವರ ಹೆಸರು ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಡಲಾಯಿತು. ಅವನ್ನು ಬೇರೆ ಯಾರಿಗೂ ಫಾರ್ವರ್ಡ್ ಮಾಡಬಾರದು. ದಿನಾಂಕ, ಜಾಗ, ಯಾರು, ಏನು, ಯಾರು ನೋಡಿದರು ಎಂದು ಒಂದು ಪುಟದ ಪಟ್ಟಿ. ತಂದೆತಾಯಿ ಅದನ್ನು ಲೆಕ್ಚರರ್ ಮೂಲಕ ಪ್ರಾಂಶುಪಾಲರಿಗೆ ಲಿಖಿತ ದೂರಿನ ಜತೆ ಕೊಟ್ಟು, ನಕಲಿನ ಮೇಲೆ ಸ್ವೀಕೃತಿ ಸಹಿ ಪಡೆದರು. ಬಾಯಿಮಾತಿನ ದೂರು "ಹುಡುಗಾಟ ಬಿಡಿ" ಎಂಬಲ್ಲಿಗೆ ಮುಗಿಯುವ ಸಾಧ್ಯತೆ ಹೆಚ್ಚು. ಮಾಡಿದವರನ್ನೂ ಅವಳನ್ನೂ ಎದುರುಬದುರು ಕೂರಿಸಿ ರಾಜಿ ಮಾಡಿಸಬೇಡಿ ಎಂದು ಕಾಲೇಜಿಗೆ ಪ್ರತ್ಯೇಕವಾಗಿ ಕೇಳಿಕೊಳ್ಳಲಾಯಿತು. ಬಲ ಸಮವಿಲ್ಲದ ಕಡೆ ರಾಜಿ ಎಂದರೆ ನೊಂದವರು ಸುಮ್ಮನಾಗುವುದು.

ತಮ್ಮ ಅಕ್ಕನ ಪರ ಹೊಡೆಯಲು ಸಿದ್ಧನಾಗಿದ್ದ. ಹೊಡೆದರೆ ದೂರು ಯಾರ ಮೇಲೆ ತಿರುಗುತ್ತದೆ ಎಂದು ಅವನನ್ನೇ ಕೇಳಲಾಯಿತು. ಅವನಿಗೆ ಸಿಕ್ಕ ಕೆಲಸ ಬಸ್ ಸ್ಟಾಪಿನವರೆಗೆ ಜತೆಗೆ ನಡೆಯುವುದು, ದಾರಿಯಲ್ಲಿ ಮುಖದ ವಿಷಯ ಬಿಟ್ಟು ಏನು ಬೇಕಾದರೂ ಮಾತಾಡುವುದು.

ಮೊದಲ ಭೇಟಿಯಲ್ಲೇ ಸಾಯುವ ಯೋಚನೆ ಬಂದಿದೆಯೇ ಎಂದು ನೇರವಾಗಿ ಕೇಳಲಾಗಿತ್ತು, ಇರಲಿಲ್ಲ. ಕೇಳಿದರೆ ಯೋಚನೆ ಬಿತ್ತಿದಂತಾಗುತ್ತದೆ ಎಂಬ ಭಯ ಬೇಡ. ಬೇರೆಯವರಿಗೆ ಕಾಣದಷ್ಟು ಸಣ್ಣ ಕೊರತೆಯ ಬಗ್ಗೆ ದಿನಕ್ಕೆ ಗಂಟೆಗಟ್ಟಲೆ ಯೋಚನೆ, ಚರ್ಮ ಕಿತ್ತುಕೊಳ್ಳುವುದು, ಮನೆಯಿಂದ ಹೊರಗೇ ಬಾರದಿರುವುದು ಕಂಡರೆ ಅದು ಮನೋವೈದ್ಯರು ನೋಡಬೇಕಾದ ಕಾಯಿಲೆ, ಚಿಕಿತ್ಸೆಯೂ ಇದೆ. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416, ಮಕ್ಕಳ ಸಹಾಯವಾಣಿ 1098, ಎರಡೂ ನಂಬರ್ ಸಿಂಚನಾಳ ಫೋನಿನಲ್ಲೂ ತಾಯಿಯ ಫೋನಿನಲ್ಲೂ ಇವೆ.

ಈಗ ಅವಳು ಏಳನೇ ಅಂಕದ ಮೆಟ್ಟಿಲಿನಲ್ಲಿದ್ದಾಳೆ, ಕನ್ಸೀಲರ್ ಮಾತ್ರ ಹಚ್ಚಿ ಕಾಲೇಜಿಗೆ ಹೋಗುತ್ತಾಳೆ. ಏಳುವುದು ಆರೂವರೆಗೆ. ಸ್ಟಿಕ್ಕರ್ ನಿಂತಿದೆ, ಮಾಡಿದವರಲ್ಲಿ ಒಬ್ಬ ಇನ್ನೂ ಗುರಾಯಿಸುತ್ತಾನೆ. ಅದೂ ಪಟ್ಟಿಯಲ್ಲಿ ದಾಖಲಾಗುತ್ತಿದೆ. ಎರಡನೇ ಪಿಯುಸಿಗೆ ಸೆಕ್ಷನ್ ಬದಲಾಗಿ ಹೊಸ ಮುಖಗಳು ಬರುವುದರಿಂದ ಹೆದರಿಕೆ ಮತ್ತೆ ಏರುವ ಸಂಭವವಿದೆ. ತರಗತಿ ಶುರುವಾಗುವ ವಾರದಲ್ಲೇ ಮುಂದಿನ ಭೇಟಿ ಇಟ್ಟುಕೊಳ್ಳಲಾಗಿದೆ.